ಸೂಜಿ ಇಲ್ಲವೆಂದ ಪುಟ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ದೊಡವಾಡ ಠಾಣೆಗೆ ಬಂದ ಶೆಟ್ಟೆವ್ವ, ಕುರ್ಚಿ ತೋರಿಸಿದರೂ ಕೂರದೆ, ಹೆತ್ತ ಮಗನ ಮೇಲೆಯೇ ದೂರು ಕೊಟ್ಟಳು.

“ನನ್ನ ಮಗನ್ನ ಹಿಡ್ಕೊಂಡ ಬರ್ರಿ, ಬಾಯಾರ. ಮೊಮ್ಮಗಳನ್ನ ಕೊಲ್ಲಾಕತ್ತಾನ.”

ಪಿಎಸ್‌ಐ ಪ್ರಜ್ಞಾ ತಲೆಯೆತ್ತಿದಳು. “ಹೊಡದಾನೇನು?”

“ಹೊಡದಿದ್ರ ನಾನ ಬಿಡಸ್ಕೊತಿದ್ನಿ. ಹುಚ್ಚ ನಾಯಿ ಕಡದೈತಿ. ಸೂಜಿ ಮಾಡಸೂದಿಲ್ಲಂತ ಕುಂತಾನ.”

ಎಂಟು ವರ್ಷದ ರಾಣಿಯ ಮೀನಖಂಡವನ್ನು ಶುಕ್ರವಾರ ಬೀದಿನಾಯಿ ಹಿಡಿದಿತ್ತು. ಮರುದಿನ ಆ ನಾಯಿ ಜೊಲ್ಲು ಸುರಿಸುತ್ತ ಸತ್ತಿತು. ತಂದೆ ಸದಾಶಿವ ಮೊಬೈಲಿನಲ್ಲಿ ಹುಡುಕಿ, ಮಗಳನ್ನು ನವಿಲುತೀರ್ಥದ ಹತ್ತಿರದ ಒಬ್ಬ ನಾಟಿ ವೈದ್ಯನಲ್ಲಿಗೆ ಒಯ್ದು ಎಲೆಯ ರಸ ಕುಡಿಸಿಕೊಂಡು ಬಂದಿದ್ದ. ಮೇಲೆ ಪಥ್ಯ ಬೇರೆ: ಒಂಬತ್ತು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ, ಮೈಗೆ ಸೂಜಿ ತಾಗಿಸುವಂತಿಲ್ಲ.

ಪ್ರಜ್ಞಾ ಬೈಲಹೊಂಗಲದ ಸರ್ಕಾರಿ ಆಸ್ಪತ್ರೆಗೆ ಫೋನು ಮಾಡಿದಳು. ಔಷಧವಿತ್ತು. “ಲಕ್ಷಣ ಶುರುವಾಗಿಲ್ಲ ಅಂದ್ರೆ ಇನ್ನೂ ಉಳಿಸಬಹುದು” ಎಂದರು ವೈದ್ಯರು. “ಶುರುವಾದ್ರೆ ಯಾರ ಕೈಯಲ್ಲೂ ಇಲ್ಲ. ಇವತ್ತೇ ಕರ್ಕೊಂಡು ಬನ್ನಿ.”

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಹಣಮಂತಪ್ಪ ಮತ್ತು ಒಬ್ಬ ಕಾನ್‌ಸ್ಟೆಬಲ್‌ನೊಡನೆ ಅವಳು ಸದಾಶಿವನ ಮನೆಗೆ ಹೋದಳು. ರಾಣಿ ಪಡಸಾಲೆಯಲ್ಲಿ ಉಪ್ಪಿಲ್ಲದ ಅನ್ನವನ್ನು ಬೆಕ್ಕಿಗೆ ಹಾಕುತ್ತಿದ್ದಳು. ನೀರು ಕುಡಿಯುತ್ತಿದ್ದಳು, ಜ್ವರವಿರಲಿಲ್ಲ; ಲಕ್ಷಣ ಇನ್ನೂ ಶುರುವಾಗಿರಲಿಲ್ಲ.

“ಮೊಬೈಲಿನ್ಯಾಗ ಏನಂತ ಹುಡುಕಿದ್ರಿ?” ಎಂದು ಪ್ರಜ್ಞಾ ಸದಾಶಿವನನ್ನು ಕೇಳಿದಳು.

“ಬೈಲಹೊಂಗಲ ದವಾಖಾನ್ಯಾಗ ನಾಯಿ ಕಡದ ಸೂಜಿ ಐತೇನು, ಅಂತ ಕೇಳಿದ್ನಿರಿ. ಇದ ಮೊದಲ ಬಂತು.”

ಅವನು ಮೊಬೈಲಿನಲ್ಲಿ ತೋರಿಸಿದ ಪುಟದಲ್ಲಿ ಅದೇ ಪ್ರಶ್ನೆ ಅಕ್ಷರ ತಪ್ಪದೆ ಇತ್ತು. ಊರಿನ ಹೆಸರು ಮಾತ್ರ ಬದಲಿಸಿ ಕೆಳಗೆ ಮತ್ತೆ ಮೂರು ಸಲ: ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕರ ಕೆಳಗೂ ಒಂದೇ ಉತ್ತರ: ‘ಸದ್ಯ ಇಲ್ಲ. ಬೀರಪ್ಪಜ್ಜನ ಎಲಿ ಔಷಧ ಐತಿ.’ ಯಾವ ಬಸ್ಸು ಹತ್ತಿ ಎಲ್ಲಿ ಇಳಿಯಬೇಕೆಂದೂ ಬರೆದಿತ್ತು. ಫೋನ್ ನಂಬರು ಇರಲಿಲ್ಲ. ಅಂದರೆ ಎಷ್ಟು ಜನ ಇದನ್ನು ನಂಬಿ ಹೋಗಿದ್ದಾರೆಂದು ತಿಳಿಯುವ ದಾರಿಯೂ ಇಲ್ಲ.

“ಸೂಜಿ ಐತಿ. ಈಗ ಡಾಕ್ಟರ್ ಕೂಡ ಮಾತಾಡೇನಿ.”

“ಇರಲಿರಿ. ಇನ್ನ ಮಾಡಸಾಕ ಬರೂದಿಲ್ಲ” ಎಂದ ಸದಾಶಿವ. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. “ಪಥ್ಯ ಕೆಟ್ಟರ ಹೊಟ್ಟ್ಯಾಗಿನ ಎಲಿ ವಿಷ ಆಗತೈತಿ.”

ಹೊರಗೆ ಬಂದ ಮೇಲೆ ಹಣಮಂತಪ್ಪ ಪಿಸುಗುಟ್ಟಿದ. “ಮೇಡಂ, ಹುಡುಗಿನ್ನ ಎತ್ತಿ ಜೀಪಿನ್ಯಾಗ ಹಾಕೂಣು.”

“ಇವತ್ತ ಎತ್ತತೀರಿ. ಮುಂದಿನ ಸೂಜಿಗೋಳಿಗೆ ಇಲ್ಲೇ ಕಾವಲ ಕೂಡತೀರೇನು? ಮಧ್ಯಾಹ್ನದ ತನಕ ನೋಡೂಣು. ಆಗಲಿಲ್ಲಂದ್ರ ಎತ್ತೂದ.”

ಕಾನ್‌ಸ್ಟೆಬಲ್‌ನನ್ನು ಮನೆಯ ಮುಂದೆ ಬಿಟ್ಟು ಜೀಪು ನವಿಲುತೀರ್ಥದ ದಾರಿ ಹಿಡಿಯಿತು.

ಬೀರಪ್ಪ ರಸ್ತೆ ಬದಿಯ ತನ್ನ ಮನೆಯ ಕಟ್ಟೆಯ ಮೇಲಿದ್ದ. ಎಪ್ಪತ್ತು ದಾಟಿದ ಮನುಷ್ಯ, ಮಡಿ ಧೋತರ. ಪೊಲೀಸರನ್ನು ಕಂಡು ಒಳಗೆ ಓಡಲಿಲ್ಲ. “ಯಾರಿಗೆ ಕಡದೈತ್ರಿ?” ಎಂದ.

“ನಾಯಿ ಕಡದದ್ದಕ್ಕ ಔಷಧ ಕೊಡತೀರೇನು, ಅಜ್ಜಾರ?”

“ನಂದು ಕಾಮಣಿ ಔಷಧರಿ, ಕಣ್ಣ ಹಳದಿ ಆದವರಿಗೆ. ನಾಯೀದು ನಮ್ಮಪ್ಪ ಕೊಡತಿದ್ದ. ದವಾಖಾನ್ಯಾಗ ಸೂಜಿ ಇಲ್ಲಂತ ಬಂದವರೆಲ್ಲಾ ಅಳತಿದ್ರು. ಏನೂ ಇಲ್ಲದ್ದಕ್ಕಿಂತ ಇದಾದ್ರೂ ಇರ್ಲಿ ಅಂತ ಕೊಟ್ಟೆ.”

ಒಳಗಿದ್ದ ಮಗ ಸಿದ್ದರಾಮ ಪದವೀಧರ. ಪುಟ ತನ್ನದೇ ಎಂದು ಒಪ್ಪಿಕೊಂಡ.

“ಸೂಜಿ ಇಲ್ಲಂತ ನಿನಗ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ.”

“ಮತ್ತ?”

“ಐತಿ ಅಂತ ಬರದ್ರ ಇಲ್ಲಿಗ್ಯಾಕ ಬರತಾರ್ರಿ?”

ಬೀರಪ್ಪ ಮಗನ ಮುಖ ನೋಡಿದ. ಪ್ರಜ್ಞಾ ಸದಾಶಿವನಿಗೆ ಫೋನು ಹಚ್ಚಿ ಮುದುಕನ ಕೈಗೆ ಕೊಟ್ಟಳು.

“ನಿಮ್ಮ ಮಾತಷ್ಟ ಕೇಳತಾನ, ಅಜ್ಜಾರ.”

“ತಮ್ಮಾ, ನಾನು ಬೀರಪ್ಪ” ಎಂದ ಮುದುಕ. “ಪಥ್ಯ ಬಿಡಿಸೇನಿ. ಕೂಸಿಗೆ ಈಗಿಂದೀಗ ಸೂಜಿ ಮಾಡಸು. ಎಲಿ ಏನೂ ಮಾಡೂದಿಲ್ಲ. ಏನರ ಆದ್ರ ನನ್ನ ಕೇಳು.”

ಇಬ್ಬರು ಪಂಚರ ಮುಂದೆ ಪುಟದ ಚಿತ್ರಗಳನ್ನು ತೆಗೆದು ಪಂಚನಾಮೆ ಮಾಡಿದರು. ಅದು ಮುಗಿಯುತ್ತಲೇ ಹಣಮಂತಪ್ಪ, “ಇನ್ನ ಇದನ್ನ ಅಳಸಸ್ರಿ, ಮೇಡಂ” ಎಂದ.

“ಬ್ಯಾಡ. ಔಷಧ ಕುಡದವರು ಎಲ್ಲೆಲ್ಲಿ ಅದಾರೋ ಯಾರಿಗ್ಗೊತ್ತು. ಹೆದರಿಕಿ ಆದ್ರ ಮತ್ತ ಇದನ್ನ ಹುಡುಕತಾರ. ನಾಳೆ ನಾಯಿ ಕಡದವರೂ ಇಲ್ಲಿಗೇ ಬರತಾರ.”

ಸೈಬರ್ ಠಾಣೆಯ ಒಪ್ಪಿಗೆ ಪಡೆದು ಪ್ರಶ್ನೆಗಳನ್ನು ಹಾಗೆಯೇ ಬಿಟ್ಟರು. ಉತ್ತರ ಮಾತ್ರ ಬದಲಾಯಿತು. ಉಳಿದ ಮೂರು ಆಸ್ಪತ್ರೆಗಳಿಗೆ ಪ್ರಜ್ಞಾ ತಾನೇ ಫೋನು ಮಾಡಿ ಖಚಿತಪಡಿಸಿಕೊಂಡ ಮೇಲೆ ಹಣಮಂತಪ್ಪ ಸಿದ್ದರಾಮನಿಂದ ಬರೆಸಿದ: ‘ಸೂಜಿ ಐತಿ. ಬೀರಪ್ಪಜ್ಜ ಪಥ್ಯ ಬಿಡಿಸ್ಯಾನ. ಔಷಧ ಕುಡದವರೂ ಇವತ್ತ ಸರ್ಕಾರಿ ದವಾಖಾನಿಗೆ ಹೋಗ್ರಿ.’

ಮಧ್ಯಾಹ್ನ ಬೈಲಹೊಂಗಲದಿಂದ ಶೆಟ್ಟೆವ್ವನ ಫೋನು ಬಂತು. ಹಿಂದೆ ಮಗುವಿನ ಅಳು ಕೇಳುತ್ತಿತ್ತು. “ಸೂಜಿ ಆತ್ರಿ, ಬಾಯಾರ. ದವಾಖಾನಿ ಹಾರಿ ಹೋಗೂ ಹಂಗ ಚೀರಾಕತ್ತಾಳ.” ಮುದುಕಿ ನಗುತ್ತಿದ್ದಳು. ಪ್ರಜ್ಞಾ ಬೆಳಿಗ್ಗೆಯಿಂದ ಮೊದಲ ಸಲ ಬೀರಪ್ಪನ ಮನೆಯ ಗೋಡೆಗೆ ಬೆನ್ನು ಆನಿಸಿದಳು. ಹಣಮಂತಪ್ಪ ಚಹಾ ಹೇಳಿ ಬಂದ.

ಮೂರು ಗಂಟೆಗೆ ಸಿದ್ದರಾಮನನ್ನು ಬಂಧಿಸಿದರು. ವಿಚಾರಣೆಗೆ ಹಾಜರಾಗುವಂತೆ ಬೀರಪ್ಪನಿಗೂ ನೋಟಿಸು ಕೊಟ್ಟರು.

“ರೊಕ್ಕ ಎಷ್ಟ ಇಸ್ಕೊತಿದ್ರಿ?” ಹೊರಡುವ ಮುನ್ನ ಜೀಪಿನಲ್ಲಿ ಪ್ರಜ್ಞಾ ಸಿದ್ದರಾಮನನ್ನು ಕೇಳಿದಳು.

“ರೊಕ್ಕ ಇಲ್ರಿ. ಒಂದ ಟೆಂಗು, ಎಲಿ-ಅಡಿಕಿ.”

“ಹಂಗಾದ್ರ ಯಾಕ?”

“ಮೊದಲ ಕಾಮಣಿ ಔಷಧ ಅಂತಷ್ಟ ಬರದಿದ್ನಿರಿ. ಒಬ್ಬರೂ ಬರ್ಲಿಲ್ಲ. ಅಪ್ಪ ಜಳಕಾ ಮಾಡಿ ಕಟ್ಟಿ ಮ್ಯಾಲ ಕುಂತ್ರ ಸಂಜಿತನಾ ಬಸ್ ನೋಡಾಂವ. ಮಂದಿ ಏನ್ ಕೇಳತಾರ ಅಂತ ಮೊಬೈಲ ತೋರಸತೈತ್ರಿ, ಎರಡ ಶಬ್ದ ಬರದ್ರ ಉಳದದ್ದು ತಾನ ಬರತೈತಿ. ನಾಯಿ ಕಡದ ಸೂಜಿ ಅಂತ ಬಂತು, ಆ ಪ್ರಶ್ನೀನ ಪುಟದಾಗ ಹಾಕಿದೆ. ವಾರದಾಗ ರಾಮದುರ್ಗದವರು ಬಂದು ಬೀರಪ್ಪಜ್ಜಾರ ಮನಿ ಎಲ್ಲಿ ಅಂತ ಕೇಳಿದ್ರು.”

ಜೀಪು ಹೊರಡುವಷ್ಟರಲ್ಲಿ ಸವದತ್ತಿಯ ಕಡೆ ಹೊರಟ ಬಸ್ಸು ಬಂದು ನಿಂತಿತು. ಕೈಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಇಳಿದು ಅತ್ತಿತ್ತ ನೋಡಿದಳು.

“ಬೀರಪ್ಪಜ್ಜಾರ ಮನಿ ಯಾವುದ್ರಿ?”

ಬೀರಪ್ಪ ಕಟ್ಟೆ ಇಳಿದು ಬಂದ. “ಇಲ್ಲಿ ಔಷಧ ಇಲ್ಲವಾ. ಸವದತ್ತಿ ದವಾಖಾನ್ಯಾಗ ಸೂಜಿ ಐತಿ. ಹತ್ತು, ಇದ ಬಸ್ ಹತ್ತು. ಕಂಡಕ್ಟರಾ, ಒಂದೀಟ ತಡೀಪಾ.”

ಹೆಂಗಸು ಹತ್ತಲೋ ಬೇಡವೋ ಎಂದು ಮೆಟ್ಟಿಲ ಮೇಲೆ ನಿಂತಳು. ಮುದುಕ ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಂಡು, ಅವಳ ಹಿಂದೆ ತಾನೂ ಬಸ್ಸು ಹತ್ತಿದ.