ಹತ್ತಕ್ಕೆ ಹೊರಟು ಒಂದಕ್ಕೆ

"ಮೂರೇ ಗಂಟೆ ದಾರಿ ಕಣೇ! ಹತ್ತಕ್ಕೆ ವಿಮಾನ ಹತ್ತಿದ್ರೆ ಒಂದಕ್ಕೆ ನನ್ನ ಮಗಳ ಊರು!"

ಅತ್ತೆ ಟಿಕೆಟ್ಟನ್ನು ಸೊಸೆಯ ಹೊಲಿಗೆ ಮಷೀನಿನ ಮೇಲೇ ಹರಡಿದರು. ಸೊಸೆ ಒಮ್ಮೆ ಓದಿದಳು, ಅರ್ಥವಾಯಿತು. ಹತ್ತು ಇಲ್ಲಿನ ಗಡಿಯಾರದ್ದು, ಒಂದು ಅಲ್ಲಿನದು. ಇಲ್ಲಿ ಸಂಜೆ ಕಾಫಿ ಕುಡಿಯುವ ಹೊತ್ತಿಗೆ ನಾದಿನಿ ಅಲ್ಲಿಂದ ಹಲ್ಲುಜ್ಜುತ್ತಾ ಫೋನ್ ಮಾಡುವವಳು! ಎರಡೂ ಗಡಿಯಾರಗಳ ಎಂಟು ಗಂಟೆ ಅಂತರ ಸೇರಿಸಿದರೆ ಆ ದಾರಿ ಹನ್ನೊಂದು ಗಂಟೆಯದು. ಅತ್ತೆಯ ಕಾಲಿನಲ್ಲಿ ಒಮ್ಮೆ ರಕ್ತ ಹೆಪ್ಪುಗಟ್ಟಿತ್ತು, ಬಹಳ ಹೊತ್ತು ಕೂತಲ್ಲೇ ಕೂರಬಾರದೆಂದು ವೈದ್ಯರು ಎಚ್ಚರಿಸಿದ್ದರು.

ಆದರೂ ಅವಳು ಬಾಯಿ ಬಿಡಲಿಲ್ಲ. ಆ ಕಾಲುಗಳನ್ನು ದಿನವೂ ನೀವುವವಳು ಇವಳು, ಊಟಕ್ಕೆ ಕೂತರೆ ಹೊಗಳಿಕೆಯೆಲ್ಲ ಮಗಳಿಗೆ! ಹೋಗಲಿ, ಮಗಳ ಮನೆ ಎಷ್ಟು ದೂರವೆಂದು ಆ ಕಾಲುಗಳಿಗೇ ಗೊತ್ತಾಗಲಿ... ಛೀ, ಇರುವೆಯನ್ನೂ ನೋಯಿಸದವಳ ಮನಸ್ಸಿನಲ್ಲಿ ಎಂಥ ಯೋಚನೆ!

ವಾರ ಕಳೆಯಿತು. ಅತ್ತೆಯ ಊದಿದ ಪಾದಗಳಿಗೆ ಹೊಸ ಚಪ್ಪಲಿ ತೊಡಿಸಿ ನೋಡುತ್ತಿದ್ದವಳಿಗೆ ತಡೆಯಲಾಗಲಿಲ್ಲ.

"ಅತ್ತೆ... ಅದು ಮೂರು ಗಂಟೆ ಅಲ್ಲ, ಹನ್ನೊಂದು. ಅಲ್ಲಿನ ಗಡಿಯಾರ ನಮಗಿಂತ ಹಿಂದೆ."

"ನೀನು ಹೀಗನ್ನೋದು ಗೊತ್ತಿತ್ತು! ನಾನು ಮಗಳ ಹತ್ರ ಹೋಗೋದು ನಿನ್ನ ಕಣ್ಣಿಗೆ ಚುಚ್ಚುತ್ತೆ. ಹೊಟ್ಟೆಕಿಚ್ಚಿನವಳೇ!"

"ಹೌದು, ಹೊಟ್ಟೆಕಿಚ್ಚೇ! ಅವಳ ಹೆಸರೆತ್ತಿದ್ರೆ ನಿಮ್ಮ ಮುಖ ಅರಳುತ್ತಲ್ಲ, ಅದನ್ನ ನೋಡಿ ಉರೀತೀನಿ. ಆದ್ರೆ ಹೊಟ್ಟೆಕಿಚ್ಚಿನವಳು ಹೇಳಿದ್ಲು ಅಂತ ಹನ್ನೊಂದು ಗಂಟೆ ಮೂರಾಗಲ್ಲ ಅತ್ತೆ!"

ಅತ್ತೆ ಮಗಳಿಗೇ ಫೋನ್ ಮಾಡಿದರು. ಹನ್ನೊಂದು ಗಂಟೆಯೇ ಎಂದು ಕೇಳಿದರು. "ಅಮ್ಮಾ... ನಿಜ ಹೇಳಿದ್ರೆ ನೀನು ಬರಲ್ಲ ಅಂತ ನಾನೂ ಸುಮ್ಮನಿದ್ದೆ..."

ಫೋನ್ ಇಟ್ಟ ಅತ್ತೆ ಗೋಡೆ ಕಡೆ ತಿರುಗಿ ಕೂತು ಬಿಕ್ಕಿದರು. "ಇನ್ನು ಅವಳನ್ನ ಫೋಟೋದಲ್ಲೇ ನೋಡ್ಬೇಕು..."

ಸೊಸೆ ಗೆದ್ದಿದ್ದಳು. ಆದರೆ ಮಗಳು ಆಸೆಯಿಂದ ಮುಚ್ಚಿಟ್ಟದ್ದನ್ನೇ ತಾನು ಹಗೆಯಿಂದ ಮುಚ್ಚಿಟ್ಟಿರಲಿಲ್ಲವೇ?

ಮರುದಿನ ಹೊಲಿಗೆ ಮಷೀನಿನ ಜಾಗ ಖಾಲಿಯಿತ್ತು, ಸೊಸೆಯ ಚಿನ್ನದ ಬಳೆಗಳೂ ಇರಲಿಲ್ಲ. ಅವಳ ಕೈಯಲ್ಲಿ ಇನ್ನೊಂದು ಟಿಕೆಟ್.

"ವೈದ್ಯರನ್ನ ಕೇಳ್ಕೊಂಡು ಬಂದೆ ಅತ್ತೆ. ಆಗಾಗ ಎಬ್ಬಿಸಿ ನಡೆಸೋರು ಜೊತೆಗಿದ್ರೆ ಹೋಗ್ಬಹುದಂತೆ. ನಾನೇ ಬರ್ತೀನಿ."

ಅತ್ತೆ ಅವಳ ಮುಖವನ್ನೇ ನೋಡಿದರು.

ವಿಮಾನದಲ್ಲಿ ಸೊಸೆ ಅವರನ್ನು ಮತ್ತೆ ಮತ್ತೆ ಎಬ್ಬಿಸಿ ಸಾಲುಗಳ ನಡುವೆ ನಡೆಸಿದಳು, ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ನೀವಿದಳು. ಅತ್ತೆ ಅವಳ ಕೈ ಹಿಡಿದುಕೊಂಡೇ ಅವಳ ಭುಜಕ್ಕೊರಗಿ ನಿದ್ದೆಹೋದರು. ಇಷ್ಟು ವರ್ಷದಲ್ಲಿ ಅತ್ತೆ ಇವಳೊಬ್ಬಳಿಗೇ ಸಿಕ್ಕಿದ್ದು ಇದೇ ಮೊದಲು. ದಾರಿ ಇನ್ನೂ ಉದ್ದವಿರಬಾರದಿತ್ತೇ ಎನಿಸಿತು.

ನಿಲ್ದಾಣದ ಬಾಗಿಲಾಚೆಯಿಂದ ಕೂಗು ಕೇಳಿತು. "ಅಮ್ಮಾ!"

ಅತ್ತೆಯ ಬೆರಳುಗಳು ಅವಳ ಕೈಯಿಂದ ಜಾರಿದವು. ಅಷ್ಟು ಹೊತ್ತು ಆಸರೆ ಬೇಡುತ್ತಿದ್ದ ಕಾಲುಗಳು ಮಗಳತ್ತ ಓಡಿದವು! ಸೊಸೆಯ ಎದೆ ಎಂದಿನಂತೆಯೇ ಉರಿಯಿತು. ಎರಡೂ ಚೀಲಗಳನ್ನು ಎತ್ತಿಕೊಂಡು ಅವಳು ಹಿಂದಿನಿಂದ ಕೂಗಿದಳು.

"ನಿಧಾನ ಅತ್ತೆ... ಕಾಲು!"