ನೋಡದೆ ಹಾಕಿದ ಸಹಿ

ಗೊಂಬೆಯ ತೋಳಿಗೆ ಅಂಗಿ ತೊಡಿಸುತ್ತಿದ್ದವಳ ಕೈ ಹಾಗೆಯೇ ನಿಂತಿತು. ಅದೇ ಕೆಮ್ಮು... ಅದೇ ಹೆಜ್ಜೆ ಸದ್ದು!

ಎರಡು ವರ್ಷಗಳ ಮೇಲೆ ಅವನು ಬಾಗಿಲಲ್ಲಿ ನಿಂತಿದ್ದ. ಹಿಂದೆ ಇಪ್ಪತ್ತು ವಿದ್ಯಾರ್ಥಿಗಳು.

ಒಂದು ಕಾಲಕ್ಕೆ ಇಬ್ಬರದೂ ಒಂದೇ ವಾರ್ಡು. ಅವನು ಡಾಕ್ಟರ್, ಅವಳು ನರ್ಸ್. ಮದುವೆಯ ಮಾತೂ ಆಗಿತ್ತು. ಈಗ ಅವಳು ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕಲಿಯುವ ಆಳೆತ್ತರದ ಗೊಂಬೆಗಳನ್ನು ಒರೆಸಿ ಮಲಗಿಸುತ್ತಾಳೆ.

‘ಇವಾದರೂ ನನ್ನ ಕೈಯಲ್ಲಿ ಸಾಯುವುದಿಲ್ಲವಲ್ಲ...’

ಅವಳನ್ನು ಕಂಡು ಅವನ ಮುಖ ಬಿಳಿಚಿತು. ಆದರೂ ಪಾಠ ಶುರು ಮಾಡಿದ.

“ರೋಗಿಯ ಸುರಕ್ಷತೆ ಅಂದ್ರೇನು ಅಂತ ಒಂದು ಸಾವಿನಿಂದ ಹೇಳ್ತೀನಿ. ಏಳನೇ ಹಾಸಿಗೆಯ ಒಬ್ಬ ತಾತ...”

ಅವಳ ಕೈಯಿಂದ ಗೊಂಬೆಯ ಅಂಗಿ ಜಾರಿತು. ಸೂಜಿ ಹಿಡಿದು ಹೋದರೆ, “ಬಾ ಗುಬ್ಬಚ್ಚಿ, ಕುಕ್ಕಿ ಹೋಗು” ಎಂದು ನಗುತ್ತಿದ್ದ ತಾತ!

“ಒಂದೇ ಥರದ ಎರಡು ಔಷಧಿ ಸೀಸೆ. ನರ್ಸ್ ತಪ್ಪು ಸೀಸೆ ತೆಗೆದರು.”

‘ಇಷ್ಟು ದಿನ ಮುಖ ತೋರಿಸದವನು ಈಗ ನನ್ನ ತಪ್ಪನ್ನು ಊರಿಗೆಲ್ಲ ಸಾರಲು ಬಂದನೇ?’

“ಆ ಸಿಸ್ಟರ್ ಕಣ್ಣನ್ನ ಎಲ್ಲಿ ಅಡ ಇಟ್ಟಿದ್ರಂತೆ ಸರ್?” ಹಿಂದಿನಿಂದ ಒಬ್ಬ ಕೇಳಿದ. ಕೆಲವರು ನಕ್ಕರು.

ಅವನು ನಗಲಿಲ್ಲ. “ಕಣ್ಣು ಯಾರದ್ದಾದರೂ ಸೋಲುತ್ತೆ. ಅದಕ್ಕೇ ಇನ್ನೊಬ್ಬರು ಸೀಸೆ ಮೇಲಿನ ಹೆಸರು ಓದಿ ಸಹಿ ಹಾಕಬೇಕು. ಅವತ್ತಿನ ಡಾಕ್ಟರ್ ಓದಲೇ ಇಲ್ಲ.”

“ಯಾಕೆ ಸರ್?”

“ಆ ಹುಡುಗಿಯನ್ನ ಪ್ರೀತಿಸ್ತಿದ್ದ... ಅವಳು ತಪ್ಪು ಮಾಡಲ್ಲ ಅಂತ ನಂಬಿದ್ದ.” ಅವನು ಒಂದು ಹೆಜ್ಜೆ ಮುಂದೆ ಬಂದ. “ಆ ಡಾಕ್ಟರ್ ನಾನೇ.”

ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಸೀಸೆ ಮುಂದೆ ಹಿಡಿದಿದ್ದಳು. “ನೀನಿದ್ದೀಯಲ್ಲ, ಸಾಕು” ಎಂದು ಅವಳ ಮುಖವನ್ನೇ ನೋಡುತ್ತ ಸಹಿ ಹಾಕಿದ್ದ. ಆ ಮಾತಿಗೆ ಅವಳು ನಾಚಿಕೊಂಡಿದ್ದಳು...

ಅಯ್ಯೋ ದೇವರೇ! ಆ ನಾಚಿಕೆಯ ಹೊತ್ತಿನಲ್ಲಿ ಒಂದು ಜೀವ ಹೋಗಿತ್ತು.

ವಿದ್ಯಾರ್ಥಿಗಳು ಹೊರಟ ಮೇಲೆ ಅವಳು ಸಿಡಿದಳು. “ಎಲ್ಲಿ ಹಾಳಾಗಿ ಹೋಗಿದ್ದೆ? ನನ್ನ ಕೈ ಕಂಡ್ರೆ ಅಸಹ್ಯ ಅಂತ ಬಿಟ್ಟು ಹೋದೆ ಅಂದ್ಕೊಂಡಿದ್ದೆ!”

“ಆಸ್ಪತ್ರೆ ಆಸ್ಪತ್ರೆ ಸುತ್ತಿದೆ. ಇಂಥ ಸಾವುಗಳ ಕಡತ ಓದಿದೆ. ಎಷ್ಟೋ ಕಡೆ ನೋಡದೆ ಹಾಕಿದ ಸಹಿ ಇತ್ತು. ತಪ್ಪು ನನ್ನದೂ ಅಂತ ನಿನ್ನ ಮುಂದೆ ನಿಂತು ಹೇಳೋ ಧೈರ್ಯ ಮಾತ್ರ ಬರಲಿಲ್ಲ ಕಣೇ...”

“ದಿನಾ ಕೈ ಮುಗಿದು ತಾತನ ಹತ್ರ ಕ್ಷಮೆ ಕೇಳ್ತೀನಿ. ಉತ್ತರ ಬರಲ್ಲ,” ಎಂದಳು ಅವಳು.

“ನನಗೂ ಬರಲ್ಲ.”

ಸಾಲು ಹಾಸಿಗೆಗಳಲ್ಲಿ ಗೊಂಬೆಗಳು ಕಣ್ಣು ತೆರೆದೇ ಮಲಗಿದ್ದವು.

“ನನ್ನ ಜೊತೆ ಬರ್ತೀಯಾ?” ಅವನು ಮೆಲ್ಲಗೆ ಕೇಳಿದ.

“ಮತ್ತೆ ನನ್ನನ್ನ ನಂಬ್ತೀಯಾ?”

“ಇಲ್ಲ.” ಅವನ ಕಣ್ಣುಗಳು ತುಂಬಿದ್ದವು. “ಇನ್ಮೇಲೆ ನೋಡ್ತೀನಿ. ಪ್ರತಿ ಸಲ ನೋಡ್ತೀನಿ.”

ಅವಳು ಬಲಗೈ ಚಾಚಿದಳು. ಸೀಸೆಯ ಮೇಲಿನ ಸಣ್ಣ ಅಕ್ಷರ ಓದುವವನಂತೆ ಬಾಗಿ, ಅವನು ಅದನ್ನೇ ಬಹಳ ಹೊತ್ತು ನೋಡಿದ.

“ಏನು ಕಾಣಿಸ್ತಿದೆ?”

“ನಡುಗ್ತಿದೆ.”

“ಹೂಂ... ಹಿಡ್ಕೋ.”