ಅಮ್ಮನ ಕೈಗೆ ನೂರು ಫ್ರೇಮ್

"ಪರದೆಯಲ್ಲಿ ಆ ದೀಪ ನಡುಗ್ತಾ ಇದೆ... ಕಾಣಿಸ್ತಿಲ್ವಾ ನಿಮಗೆ?"

ಹೆಡ್‌ಫೋನನ್ನು ಕುತ್ತಿಗೆಗೆ ಜಾರಿಸಿಕೊಂಡು ಸೈಮಿ ಕೇಳಿದಳು. ದನಿಯಲ್ಲಿ ಸಿಟ್ಟಿತ್ತು. ಇರದೆ ಏನು? ಅದು ಅವಳು ಹುಟ್ಟಿ ಬೆಳೆದ ಅಡುಗೆಮನೆ. ಫಿನ್ಲೆಂಡಿನ ರೌಮಾ ಊರಿನ ಹಳೇ ಬೀದಿಯ ಮರದ ಮನೆ. ಯಾರೋ ಹೆಲ್ಸಿಂಕಿಯಿಂದ ಬಂದವನು ಬೂಟುಗಾಲಲ್ಲೇ ಒಳಗೆ ನುಗ್ಗಿ, ಕ್ಯಾಮರಾ ನಿಲ್ಲಿಸಿ, ಅವಳ ಅಮ್ಮನ ಮುಖಕ್ಕೆ ದೀಪ ಹಿಡಿದಿದ್ದ!

"ದೀಪ ಸರಿಯಾಗೇ ಇದೆಯಲ್ಲ," ಎಂದ ಅವನು.

"ದೀಪ ಸರಿ ಇದೆ. ನಿಮ್ಮ ಕ್ಯಾಮರಾ ಸರಿ ಇಲ್ಲ. ಇಪ್ಪತ್ನಾಲ್ಕರಲ್ಲಿ ಇಟ್ಟಿದೀರಿ ತಾನೆ?"

"ಸಿನಿಮಾ ಅಂದ್ರೆ ಸೆಕೆಂಡಿಗೆ ಇಪ್ಪತ್ನಾಲ್ಕು ಬಿಡಿ ಚಿತ್ರ, ಇಪ್ಪತ್ನಾಲ್ಕು ಫ್ರೇಮೇ. ಅದರ ಚೆಂದವೇ ಬೇರೆ."

"ಇದು ಸಿನಿಮಾ ಅಲ್ಲ, ನಮ್ಮಮ್ಮ! ಇಲ್ಲಿನ ಕರೆಂಟಿಗೆ ಇಪ್ಪತ್ತೈದು ಇಟ್ರೇನೇ ದೀಪ ಮಿಣುಕೋದು ನಿಲ್ಲೋದು. ಮೊದಲು ಬೂಟು ಬಿಚ್ಚಿ. ಆಮೇಲೆ ನಂಬರ್ ಬದಲಾಯಿಸಿ."

ಅವನ ಮುಖ ಕಿವಿಯವರೆಗೂ ಕೆಂಪಾಯಿತು. ಕಿಟಕಿಯ ಬಳಿ ಕೂತಿದ್ದ ಅಮ್ಮ ಮಾರ್ತಾ ಕೆಮ್ಮುತ್ತಲೇ ನಕ್ಕಳು.

"ಕಾಫಿ ಇಳಿಸಿದೀನಿ. ಕುಡಿದು ಜಗಳ ಆಡಿ ಮಕ್ಕಳೇ. ಹಸಿದ ಹೊಟ್ಟೇಲಿ ಬೈದ್ರೆ ರುಚಿ ಇರಲ್ಲ."

ಬೂಟು ಬಿಚ್ಚಿದವನ ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುತ್ತಿತ್ತು. ಸೈಮಿ ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನು ನೋಡಿಯೇಬಿಟ್ಟ!

ಅವನ ಹೆಸರು ತರ್ಮೊ. ರೌಮಾದ ಲೇಸು ಹೆಣೆಯುವ ಹಿರಿಯ ಹೆಂಗಸರ ಬಗ್ಗೆ ಊರಿನ ಮ್ಯೂಸಿಯಮ್ಮಿಗೆ ಒಂದು ಚಿತ್ರ ಬೇಕಿತ್ತು. ಚಿತ್ರ ಹಿಡಿಯುವವನು ಅವನು, ದನಿ ಹಿಡಿಯುವವಳು ಸೈಮಿ. ಹಿರಿಯ ಹೆಂಗಸರಲ್ಲಿ ಮೊದಲನೆಯವಳೇ ಮಾರ್ತಾ. ಮಡಿಲಲ್ಲಿ ಗಟ್ಟಿ ದಿಂಬು, ದಿಂಬಿನ ಮೇಲೆ ಗುಂಡುಪಿನ್ನುಗಳ ಕಾಡು, ಅದರ ಸುತ್ತ ನೂಲು ಸುತ್ತಿದ ಮೂವತ್ತು ಪುಟ್ಟ ಮರದ ಕಡ್ಡಿಗಳು. ಆ ಕಡ್ಡಿಗಳನ್ನು ಅವಳು ಒಂದರ ಮೇಲೊಂದು ದಾಟಿಸುವ ವೇಗಕ್ಕೆ ನೋಡುವವರ ಕಣ್ಣು ಸೋಲುತ್ತಿತ್ತು.

ಆ ಬೇಸಿಗೆಯಲ್ಲಿ ಇಬ್ಬರೂ ಹಗಲೆಲ್ಲ ಜೊತೆಯಲ್ಲೇ ಇದ್ದರು. ಬಂದರಿನ ಬಂಡೆಗಳ ಮೇಲೆ ಕೂತು ರೈ ಬ್ರೆಡ್ಡು, ಹೊಗೆಯಾಡಿಸಿದ ಮೀನು ತಿನ್ನುತ್ತ ಒಂದು ಮಧ್ಯಾಹ್ನ ಅವಳು ಕೇಳಿದಳು.

"ಯಾವುದಕ್ಕೆ ಎಷ್ಟು ಫ್ರೇಮ್ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

"ಏನನ್ನ ಕಳ್ಕೊಳ್ಳೋಕೆ ಇಷ್ಟ ಇಲ್ಲ ಅಂತ ನನ್ನನ್ನೇ ಕೇಳ್ಕೋತೀನಿ," ಎಂದ ತರ್ಮೊ. "ಮಾತು ಬೇಕಾದ್ರೆ ಇಪ್ಪತ್ತೈದು. ಓಟ, ಆಟ ಅಂದ್ರೆ ಐವತ್ತು. ಕಣ್ಣಿಗೆ ಸಿಗದ ಹಾಗೆ ಓಡೋದಕ್ಕೆ ನೂರು. ಒಂದು ನಿಮಿಷ ನಾಲ್ಕು ನಿಮಿಷ ಆಗತ್ತೆ. ಆದ್ರೆ ನೂರಕ್ಕೆ ಹೋದ್ರೆ ನನ್ನ ಕ್ಯಾಮರಾ ಮೂಕಿ. ದನಿ ಹಿಡಿಯೋದೇ ಇಲ್ಲ."

"ಹಾಗಾದ್ರೆ ನೂರಕ್ಕೆ ಹೋದಾಗೆಲ್ಲ ನನಗೆ ಕೆಲಸ ಇಲ್ಲ!"

"ಕೆಲಸ ಇಲ್ಲದಾಗ ನನ್ನ ಪಕ್ಕ ಸುಮ್ನೆ ಕೂತಿರು... ಸಾಕು."

ಸಮುದ್ರದ ಕಡೆ ನೋಡುತ್ತ ಹೇಳಿದ ಮಾತು ಅದು. ಫಿನ್ನಿಶ್ ಗಂಡಸು ಇಷ್ಟು ಹೇಳಿದನೆಂದರೆ ಬಹಳ ಹೇಳಿದ ಹಾಗೆಯೇ! ಸೈಮಿಯ ಎದೆ ಹೊಡೆದುಕೊಂಡಿತು.

ಆದರೆ ಆ ಎದೆಯ ಮೂಲೆಯಲ್ಲೇ ಒಂದು ಭಯವೂ ಇತ್ತು. ಅಮ್ಮನ ಶ್ವಾಸಕೋಶ ಸೋಲುತ್ತಿತ್ತು. ಕ್ರಿಸ್ಮಸ್‌ವರೆಗೆ ಎಂದಿದ್ದರು ಡಾಕ್ಟರು.

ಹನ್ನೆರಡು ವರ್ಷಗಳಿಂದ ಸೈಮಿ ದೇಶದ ಜನರ ದನಿಯನ್ನೆಲ್ಲ ಹಿಡಿದಿಟ್ಟಿದ್ದಳು. ಮೀನುಗಾರರು, ಪಾದ್ರಿಗಳು, ಹಕ್ಕಿಗಳು ಕೂಡ! ಹೆತ್ತಮ್ಮನ ದನಿ ಮಾತ್ರ ಒಂದು ನಿಮಿಷದಷ್ಟೂ ಅವಳ ಬಳಿ ಇರಲಿಲ್ಲ. ಮ್ಯೂಸಿಯಮ್ಮಿನ ಚಿತ್ರಕ್ಕೂ ಮಾರ್ತಾ ಕೈ ತೋರಿಸಿದ್ದಳೇ ಹೊರತು ಬಾಯಿ ಬಿಟ್ಟಿರಲಿಲ್ಲ. ಕ್ಯಾಮರಾ ಮುಂದೆ ಅವಳಿಗೆ ನಾಚಿಕೆ. ಕೊನೆಗೂ ಆಗಸ್ಟಿನಲ್ಲಿ "ಆಯ್ತು ಕಣೇ, ಮಾತಾಡ್ತೀನಿ" ಎಂದು ಒಪ್ಪಿದ್ದಳು.

ಅದೇ ವಾರ ಸೈಮಿಗೆ ತುರ್ಕು ನಗರದಲ್ಲಿ ಮೂರು ದಿನದ ಕೆಲಸ ಬಂತು, ಚರ್ಚಿನ ಗಾಯನ ತಂಡದ ಧ್ವನಿಮುದ್ರಣ. ಹೊರಡುವ ಮುನ್ನ ತನ್ನ ಅತಿ ಒಳ್ಳೆಯ ಮೈಕನ್ನು ತರ್ಮೊನ ಕ್ಯಾಮರಾಗೆ ತಾನೇ ಜೋಡಿಸಿಟ್ಟಳು.

"ಬಾಲ್ಯದ ಕತೆ ಕೇಳು. ಅಪ್ಪನ್ನ ಮೊದಲು ಎಲ್ಲಿ ನೋಡಿದ್ಲು ಕೇಳು. ಏನಾದ್ರೂ ಕೇಳು... ಅವಳು ಮಾತಾಡಿದ್ರೆ ಸಾಕು. ಇಪ್ಪತ್ತೈದು. ಮರೀಬೇಡ!"

"ಮರೆಯಲ್ಲ."

ಮೂರನೆಯ ದಿನ ಬೆಳಿಗ್ಗೆ, ಅವಳು ಬಸ್ಸಿನಲ್ಲಿ ಹಿಂದಿರುಗುತ್ತಿರುವಾಗಲೇ, ಮಾರ್ತಾ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮೇಲೆ ಸೈಮಿ ಅಮ್ಮನ ಕುರ್ಚಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಆ ಚಿತ್ರ ತೆರೆದಳು. ನಲವತ್ತನಾಲ್ಕು ನಿಮಿಷ!

ಪರದೆಯಲ್ಲಿ ಅಮ್ಮನ ಮುಖವಿಲ್ಲ. ಬರೀ ಕೈಗಳು, ಮಡಿಲ ದಿಂಬು, ನೀರಿನಲ್ಲಿ ಮುಳುಗಿದಂತೆ ನಿಧಾನಕ್ಕೆ ಏಳುವ, ಬೀಳುವ ಕಡ್ಡಿಗಳು...

ದನಿ?

ಹೆಡ್‌ಫೋನ್ ತೆಗೆದು ನೋಡಿದಳು. ವೈರು ಅಲುಗಿಸಿದಳು. ಮತ್ತೆ ಹಾಕಿಕೊಂಡಳು. ಏನೂ ಇಲ್ಲ... ಉಸಿರಿನಷ್ಟೂ ಇಲ್ಲ.

"ನೂರು..." ಅವಳು ಬಾಗಿಲ ಕಡೆ ತಿರುಗಿದಳು. "ನೂರಕ್ಕೆ ಇಟ್ಟೆಯಾ?"

ಬಾಗಿಲಲ್ಲಿ ನಿಂತಿದ್ದ ತರ್ಮೊ ತಲೆಯಾಡಿಸಿದ.

"ಮರೆತೆಯಾ?"

"ಇಲ್ಲ."

"ಬೇಕಂತಲೇ?!"

"ಹೌದು."

"ನನ್ನಮ್ಮನ ದನೀನ ಒಂದು ಚೆಂದದ ಚಿತ್ರಕ್ಕೋಸ್ಕರ ಎಸೆದುಬಿಟ್ಟೆ! ನಾನು ಕೇಳಿದ್ದು ಅದೊಂದೇ ಅಲ್ವಾ ತರ್ಮೊ? ಅದೊಂದೇ ಅಲ್ವಾ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಊದಿದ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡ.

"ಹೋಗು," ಎಂದಳು ಸೈಮಿ.

ಅವನು ಬೂಟು ಹಾಕಿಕೊಂಡು ಹೊರಟುಹೋದ.

ಹದಿನಾಲ್ಕು ತಿಂಗಳು ಕಳೆದವು. ಸೈಮಿ ಕೆಲಸಕ್ಕೆ ಹೋದಳು, ಬಂದಳು. ಎಷ್ಟೋ ಸಲ ಹೆಡ್‌ಫೋನಿನಲ್ಲಿ ಯಾರದೋ ಮುದಿ ದನಿ ಕೇಳುತ್ತ ಕಣ್ಣು ಮುಚ್ಚಿ ಅಮ್ಮನ ದನಿ ನೆನೆಯಲು ನೋಡಿದಳು. ಮೊದಮೊದಲು ಸಿಗುತ್ತಿತ್ತು. ಆಮೇಲೆ ಮಾತು ನೆನಪಾಗುತ್ತಿತ್ತು, ದನಿ ಜಾರುತ್ತಿತ್ತು. ಅದಕ್ಕಿಂತ ದೊಡ್ಡ ನೋವು ಅವಳಿಗೆ ಗೊತ್ತಿರಲಿಲ್ಲ. ತರ್ಮೊನ ಹೆಸರು ಬಂದರೆ ಎದ್ದು ಹೋಗುತ್ತಿದ್ದಳು. ಎದ್ದು ಹೋಗಿ ಅಳುತ್ತಿದ್ದಳು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಇರ್ಮೆಲಿ ಅವಳನ್ನು ಕಾಫಿಗೆ ಕರೆದಳು. ಮಾರ್ತಾಳ ಜೊತೆ ನಲವತ್ತು ವರ್ಷ ಲೇಸು ಹೆಣೆದವಳು ಅವಳು. ಏಲಕ್ಕಿ ಬನ್ನು ಮುಂದಿಟ್ಟು ಕೇಳಿದಳು.

"ಆ ಲೇಸಿನ ಅಂಚಿನ ಹೆಣಿಗೆ ಕಲಿತ್ಯಾ ಇಲ್ವಾ? ವರ್ಷ ಆಯ್ತಲ್ಲೇ!"

"ಯಾವ ಹೆಣಿಗೆ ಚಿಕ್ಕಮ್ಮ?"

"ನಿಮ್ಮಮ್ಮ ಆ ಹುಡುಗನ ಕೈಲಿ ತೆಗೆಸಿದ್ಲಲ್ಲ, ನಿನಗೋಸ್ಕರ! ನಾನು ಅಲ್ಲೇ ಕೂತಿದ್ದೆ." ಇರ್ಮೆಲಿ ಲೋಟ ಕೆಳಗಿಟ್ಟಳು. "ಅವನು... ಹೇಳಲಿಲ್ವಾ ನಿನಗೆ?"

ಸೈಮಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಅವತ್ತು ನಿಮ್ಮಮ್ಮನಿಗೆ ಮಾತೇ ಆಗ್ತಿರಲಿಲ್ಲ ಕಣೇ. ಎರಡು ಮಾತಿಗೆ ಒಂದು ಸಲ ಎದೆ ಕಿತ್ತು ಬರೋ ಹಾಗೆ ಏದುಸಿರು. ಅವನು ಮೈಕು ಹತ್ರ ತಂದ್ರೆ ಕೈಯಲ್ಲಿ ತಳ್ಳಿದ್ಲು. 'ನನ್ನ ಮಗಳ ಕಿವಿ ಏನನ್ನೂ ಮರೆಯಲ್ಲ. ಈ ದನಿ ಬಿಟ್ಟು ಹೋದ್ರೆ ಸಾಯೋತನಕ ಇದನ್ನೇ ಕೇಳ್ತಾಳೆ. ಬೇಡ' ಅಂದ್ಲು. ಆಮೇಲೆ ಕೇಳಿದ್ಲು, 'ನಿನ್ನ ಪೆಟ್ಟಿಗೆ ನನ್ನ ಕೈನ ನಿಧಾನ ಮಾಡತ್ತಾ?' ಅಂತ."

"ಕೈನಾ... ಯಾಕೆ?"

"ನಿನಗೆ ಹತ್ತು ವರ್ಷ ಇದ್ದಾಗ ಅವಳ ದಿಂಬಿನ ಮುಂದೆ ಕೂತು 'ನಿಧಾನ ಮಾಡಮ್ಮ, ಕಾಣಿಸ್ತಿಲ್ಲ' ಅಂತ ಅತ್ತಿದ್ಯಂತೆ. ಅವಳಿಗೆ ಪುರುಸೊತ್ತಿರಲಿಲ್ಲ, ಗದರಿ ಎಬ್ಬಿಸಿದ್ಲಂತೆ. ನೀನು ಮತ್ತೆ ಕಡ್ಡಿ ಮುಟ್ಟಲೇ ಇಲ್ಲ. 'ಈಗ ಪುರುಸೊತ್ತಿದೆ ಇರ್ಮೆಲಿ, ಈಗ ಉಸಿರಿಲ್ಲ' ಅಂದ್ಲು."

ಸೈಮಿ ಕೋಟು ಹಾಕಿಕೊಳ್ಳುವುದನ್ನೂ ಮರೆತು ಎದ್ದಳು. ಇರ್ಮೆಲಿಯೇ ಹಿಂದೆ ಓಡಿ ಹೆಗಲಿಗೆ ಹೊದಿಸಿದಳು.

"ಆ ಹುಡುಗ ಐಸ್ ಹಾಕಿ ಅಂಗಳದಲ್ಲಿ ಇರ್ತಾನೆ ನೋಡು, ಪಂದ್ಯದ ಚಿತ್ರ ತೆಗೆಯೋಕೆ ಹೆಲ್ಸಿಂಕಿಯಿಂದ ಬಂದಿದಾನೆ! ಹೆಣ್ಣುಮಕ್ಕಳ ಪಂದ್ಯ ಇದೆ ಇವತ್ತು."

ಪಂದ್ಯ ಆಗಷ್ಟೇ ಮುಗಿದಿತ್ತು. ಖಾಲಿ ಮೆಟ್ಟಿಲುಗಳ ಮೇಲೆ ತರ್ಮೊ ಕ್ಯಾಮರಾ ಕಳಚುತ್ತಿದ್ದ. ಕೆಳಗೆ ಮಂಜು ನುಣುಪು ಮಾಡುವ ಗಾಡಿ ಸುತ್ತು ಹೊಡೆಯುತ್ತಿತ್ತು. ಅವಳನ್ನು ಕಂಡು ಅವನ ಕೈ ನಿಂತಿತು.

"ಯಾಕೆ ಹೇಳಲಿಲ್ಲ?" ಅವಳ ದನಿ ಒಡೆಯಿತು. "ಹದಿನಾಲ್ಕು ತಿಂಗಳು ತರ್ಮೊ! ಶಾಪ ಹಾಕಿದೀನಿ ನಿನಗೆ!"

"ಹಾಕು. ಪರವಾಗಿಲ್ಲ."

"ಯಾಕೆ?!"

"ಹೇಳಿದ್ರೆ ಅಮ್ಮ ಹಾಗೆ ಏದುಸಿರು ಬಿಡ್ತಿದ್ದಾಗ ನೀನು ಬೇರೆ ಊರಲ್ಲಿದ್ದೆ ಅನ್ನೋದೂ ಹೇಳ್ಬೇಕಿತ್ತು." ಅವನು ತಲೆ ತಗ್ಗಿಸಿದ. "ನಿನ್ನನ್ನ ನೀನೇ ಬೈಕೊಳ್ಳೋದಕ್ಕಿಂತ ನನ್ನನ್ನ ಬೈಕೊಂಡಿರೋದೇ ವಾಸಿ ಅನ್ನಿಸ್ತು."

ಸೈಮಿ ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. ಇನ್ನೊಂದು ಸಲ ಗುದ್ದಿದಳು.

"ನೀನು ಫೋನ್ ಮಾಡ್ಬೇಕಿತ್ತು! ಓಡಿ ಬರ್ತಿದ್ದೆ ನಾನು..."

"ಹೌದು. ಮಾಡ್ಬೇಕಿತ್ತು. ಅಮ್ಮ ಬೇಡ ಅಂದ್ರು, ನಾನು ಅವರ ಮಾತು ಕೇಳಿದೆ. ನೀನು ಬರೋ ತನಕ ಇರ್ತಾರೆ ಅಂದ್ಕೊಂಡೆ. ಅದು ನನ್ನ ತಪ್ಪು ಸೈಮಿ. ಅದಕ್ಕೆ ಕ್ಷಮೆ ಇಲ್ಲ ಅಂದ್ರೂ... ನ್ಯಾಯಾನೇ."

ಅವಳು ಬಹಳ ಹೊತ್ತು ಅತ್ತಳು. ಅವನು ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಅವನ ಕಣ್ಣೂ ತುಂಬಿತ್ತು.

ಕೊನೆಗೆ ಸೈಮಿ ಮುಖ ಒರೆಸಿಕೊಂಡು ಕೇಳಿದಳು.

"ಆ ಚಿತ್ರ ಇದೆಯಾ ನಿನ್ನ ಹತ್ರ?"

ಇತ್ತು. ಲ್ಯಾಪ್‌ಟಾಪ್ ಅವಳ ಮಡಿಲಲ್ಲಿಟ್ಟ. ಅಮ್ಮನ ಕೈಗಳು ಮೇಲೆದ್ದವು, ನಿಧಾನ, ಬಲು ನಿಧಾನ... ಅವಳು ಹತ್ತು ವರ್ಷದವಳಿದ್ದಾಗ ಬೇಡಿದ್ದಷ್ಟು ನಿಧಾನ. ಯಾವ ಕಡ್ಡಿ ಯಾವುದರ ಕೆಳಗೆ ಹೋಯಿತು ಎಂಬುದೆಲ್ಲ ಕಂಡಿತು.

"ಇಲ್ಲಿ ಏನಂದ್ಲು ಅಮ್ಮ? ನೀನು ಕೇಳಿಸ್ಕೊಂಡಿದೀಯಲ್ಲ. ಹೇಳು ನಂಗೆ."

"'ಬಲಗಡೆ ಕಡ್ಡಿ ಮೊದಲು. ಸೈಮಿ ಯಾವಾಗ್ಲೂ ಎಡಗಡೇದು ಎತ್ತೋಳು, ದಡ್ಡಿ' ಅಂದ್ರು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಉಸಿರು... ಹೇಗಿತ್ತು?"

"ಅದೊಂದು ಕೇಳ್ಬೇಡ. ಅದನ್ನ ನಿನಗೆ ಕೊಡಲ್ಲ ಅಂತ ಅವರಿಗೆ ಮಾತು ಕೊಟ್ಟಿದೀನಿ."

ಅವಳು ಒತ್ತಾಯ ಮಾಡಲಿಲ್ಲ. ಅವನ ತೋಳಿಗೆ ಒರಗಿದಳು. ಪರದೆಯ ಮೇಲೆ ಒಂದು ಕಡೆ ಕೈಗಳು ತಟಕ್ಕನೆ ನಿಂತುಬಿಟ್ಟವು.

"ಇಲ್ಲೇನಾಯ್ತು?"

ತರ್ಮೊ ಕಿವಿಯವರೆಗೂ ಕೆಂಪಾದ.

"ನನ್ನ ಕೇಳಿದ್ರು... 'ನನ್ನ ಮಗಳನ್ನ ಮದುವೆ ಆಗ್ತೀಯೋ, ಇಲ್ಲ ಹೀಗೇ ಪೆಟ್ಟಿಗೆ ಹಿಡ್ಕೊಂಡು ನಿಂತಿರ್ತೀಯೋ' ಅಂತ."

"ನೀನೇನಂದೆ?"

"ಕ್ಯಾಮರಾ ಓಡ್ತಿದೆ, ಮಾತಾಡ್ಬಾರ್ದು ಅಂದೆ."

"ದನಿ ಹಿಡಿಯದ ಕ್ಯಾಮರಾ ಅದು!"

"ಅವರೂ ಹಾಗೇ ಬೈದ್ರು."

"ಆಮೇಲೆ?" ಅವಳು ಒರಗಿದ್ದ ತೋಳಿನಿಂದ ತಲೆಯೆತ್ತಿದಳು. "ಆಮೇಲೆ ಏನಂದೆ ತರ್ಮೊ?"

ಅವನು ಅವಳ ತಣ್ಣಗಾದ ಬೆರಳುಗಳನ್ನು ತನ್ನ ಅಂಗೈಯೊಳಗೆ ಮುಚ್ಚಿಕೊಂಡ.

"ಆಗ್ತೀನಿ ಅಂದೆ. ಅವಳು ಒಪ್ಪಿದ್ರೆ ಇವತ್ತೇ ಆಗ್ತೀನಿ ಅಂದೆ."

ಪರದೆಯ ಮೇಲೆ ಅಮ್ಮನ ಬೆರಳೊಂದು ಅಲುಗಿತು. ಒಂದು ಕಡ್ಡಿ ಮೆಲ್ಲನೆ ಎದ್ದು ಇನ್ನೊಂದರ ಮೇಲೆ ದಾಟಿತು.

"ನೋಡು," ಎಂದ ತರ್ಮೊ. "ಕೈ ಮತ್ತೆ ಶುರುವಾಯ್ತಲ್ಲ... ಅದು ನಾನು ಹೇಳಿದ ಮೇಲೆ."